ಹಸಿದ ಸ್ಲಡ್ಜ್‌ನಿಂದ ಪ್ಲಾಸ್ಟಿಕ್

ಮುಂದಿನ ಸಾಲಿಗೆ ಒಂದು ಸಣ್ಣ ಬಾಟಲಿ ಕೊಟ್ಟಿದ್ದೇನೆ. ನೋಡಿ, ಹಾಗೇ ಹಿಂದಕ್ಕೆ ದಾಟಿಸಿ. ಒಳಗಿರುವುದು ತಿಳಿ ಕಂದು ಬಣ್ಣದ ಪುಡಿ. ಮುಚ್ಚಳ ತೆಗೆದು ಮೂಸಿದರೂ ಏನೂ ಆಗಲ್ಲ, ಹೆದರಬೇಡಿ. ಇದು ಪ್ಲಾಸ್ಟಿಕ್. ಕಾಯಿಸಿದರೆ ಕರಗುತ್ತದೆ, ಅಚ್ಚಿಗೆ ಹೊಯ್ದರೆ ಅಚ್ಚಿನ ಆಕಾರಕ್ಕೆ ಬರುತ್ತದೆ. ಮಣ್ಣಲ್ಲಿ ಹೂತರೆ ಮಣ್ಣಿನ ಬ್ಯಾಕ್ಟೀರಿಯಾಗಳು ನಿಧಾನವಾಗಿ ತಿಂದು ಮುಗಿಸುತ್ತವೆ. ಇದನ್ನು ಮಾಡಿದ್ದೂ ಬ್ಯಾಕ್ಟೀರಿಯಾಗಳೇ. ಅವೂ ಯಾವುದೋ ವಿಶೇಷ ತಳಿಯವಲ್ಲ, ಕೊಳಚೆ ನೀರು ಶುದ್ಧ ಮಾಡುವ ಘಟಕದಿಂದ ಬಕೆಟ್‌ನಲ್ಲಿ ತರಬಹುದಾದಂಥವು.

ಈ ಪ್ಲಾಸ್ಟಿಕ್ ಕುಟುಂಬಕ್ಕೆ ಪಾಲಿಹೈಡ್ರಾಕ್ಸಿಆಲ್ಕನೋಯೇಟ್ ಅಂತ ಹೆಸರು. ನಾಲಿಗೆ ತಿರುಗುವುದು ಕಷ್ಟ, ಹಾಗಾಗಿ ಪಿಎಚ್‌ಎ ಅನ್ನೋಣ. ಇದರಲ್ಲಿ ಅತಿ ಸರಳವಾದದ್ದು ಪಿಎಚ್‌ಬಿ. 1926ರಲ್ಲಿ ಫ್ರಾನ್ಸ್‌ನ ಪಾಸ್ಚರ್ ಸಂಸ್ಥೆಯ ಮೊರಿಸ್ ಲೆಮೋನ್ ಇದನ್ನು ಬ್ಯಾಸಿಲಸ್ ಮೆಗಟೇರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು. ನಮ್ಮ ಮೈಯಲ್ಲಿ ಕೊಬ್ಬು ಮಾಡುವ ಕೆಲಸವನ್ನೇ ಬ್ಯಾಕ್ಟೀರಿಯಾದ ಒಳಗೆ ಇದು ಮಾಡುತ್ತದೆ. ತಿನ್ನಲು ಜಾಸ್ತಿ ಸಿಕ್ಕಿ, ಬೆಳೆಯಲು ಬೇಕಾದ ಸಾರಜನಕವೋ ರಂಜಕವೋ ಕಮ್ಮಿಯಾದರೆ, ಬ್ಯಾಕ್ಟೀರಿಯಾ ತಿಂದದ್ದನ್ನು ಒಂದಕ್ಕೊಂದು ಪೋಣಿಸಿ ಉದ್ದ ಸರಪಳಿ ಮಾಡಿ, ಸಣ್ಣ ಸಣ್ಣ ಗುಳಿಗೆಗಳಾಗಿ ಒಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಹಸಿವಾದಾಗ ಅದನ್ನೇ ಕರಗಿಸಿ ತಿನ್ನುತ್ತದೆ. ಅದು ಕೂಡಿಟ್ಟದ್ದನ್ನು ಅದು ತಿನ್ನುವ ಮುಂಚೆ ನಾವು ಕಿತ್ತುಕೊಂಡರೆ ಪ್ಲಾಸ್ಟಿಕ್.

ನೂರು ವರ್ಷದ ಹಿಂದೆಯೇ ಗೊತ್ತಿದ್ದರೆ ಇಷ್ಟು ದಿನ ಯಾಕೆ ಸುಮ್ನೆ ಕೂತಿದ್ದರು ಅಂತ ಕೇಳಬಹುದು. ಯಾರೂ ಸುಮ್ನೆ ಕೂತಿರಲಿಲ್ಲ. ಬ್ರಿಟನ್ನಿನ ಐಸಿಐ ಕಂಪನಿ 1980ರ ದಶಕದಲ್ಲಿ ಬಯೋಪಾಲ್ ಅನ್ನುವ ಹೆಸರಲ್ಲಿ ಇದನ್ನು ತಯಾರಿಸಿತು. 1990ರಲ್ಲಿ ಜರ್ಮನಿಯಲ್ಲಿ ಅದರಿಂದ ಮಾಡಿದ ಶಾಂಪೂ ಬಾಟಲಿ ಅಂಗಡಿಗೆ ಬಂತು. ವಸ್ತು ಚೆನ್ನಾಗಿತ್ತು, ಬೆಲೆ ಮಾತ್ರ ಸಾಮಾನ್ಯ ಪ್ಲಾಸ್ಟಿಕ್‌ನ ಹಲವು ಪಟ್ಟು. ಬಯೋಪಾಲ್ ಮುಂದೆ 1996ರಲ್ಲಿ ಮೊನ್ಸಾಂಟೊ ಕೈಗೆ ಹೋಯಿತು, 2001ರಲ್ಲಿ ಮೆಟಬಾಲಿಕ್ಸ್ ಎಂಬ ಇನ್ನೊಂದು ಕಂಪನಿಗೆ. ಕೈ ಬದಲಾದರೂ ಲೆಕ್ಕ ಕೂಡಿಬರಲಿಲ್ಲ.

ಬೆಲೆ ಯಾಕೆ ಅಷ್ಟು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಐಸಿಐ ಬಳಸಿದ್ದು ಒಂದೇ ತಳಿಯ ಬ್ಯಾಕ್ಟೀರಿಯಾ. ಇವತ್ತು ಅದನ್ನು ಕುಪ್ರಿಯಾವಿಡಸ್ ನೆಕೇಟರ್ ಅನ್ನುತ್ತಾರೆ. ಬಹಳ ಒಳ್ಳೆಯ ತಳಿ, ಒಣತೂಕದ 80 ಶೇಕಡದವರೆಗೂ ಪ್ಲಾಸ್ಟಿಕ್ ತುಂಬಿಕೊಳ್ಳಬಲ್ಲದು. ಆದರೆ ಅದೊಂದೇ ಬೆಳೆಯಬೇಕು, ಪಕ್ಕದಲ್ಲಿ ಬೇರೆ ಯಾವುದೂ ಸುಳಿಯಬಾರದು. ಅದಕ್ಕೆ ದೊಡ್ಡ ಸ್ಟೀಲ್ ಟ್ಯಾಂಕು, ಪೈಪು, ನೀರು, ಗಾಳಿ ಎಲ್ಲವನ್ನೂ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧ ಮಾಡಬೇಕು. ತಿನ್ನಲು ಶುದ್ಧ ಗ್ಲೂಕೋಸ್ ಕೊಡಬೇಕು. ಶುದ್ಧ ತಳಿಯ ಪಿಎಚ್‌ಎ ಖರ್ಚಿನಲ್ಲಿ ಸುಮಾರು ಅರ್ಧ ಈ ಆಹಾರಕ್ಕೇ ಹೋಗುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಒಮ್ಮೆ ಎಲ್ಲಿಂದಲೋ ಒಂದು ಬೇರೆ ಬ್ಯಾಕ್ಟೀರಿಯಾ ನುಗ್ಗಿತೋ, ಇಡೀ ಟ್ಯಾಂಕು ಚರಂಡಿಗೆ.

ಈಗ ನಿಮ್ಮ ಮನೆಯ ದೋಸೆ ಹಿಟ್ಟನ್ನು ನೆನಪಿಸಿಕೊಳ್ಳಿ. ರುಬ್ಬುವ ಮುಂಚೆ ಯಾರಾದರೂ ಪಾತ್ರೆಯನ್ನು ಕ್ರಿಮಿಶುದ್ಧ ಮಾಡುತ್ತಾರಾ? ಬ್ಯಾಕ್ಟೀರಿಯಾ ಕೊಂಡು ತಂದು ಹಾಕುತ್ತಾರಾ? ಅಕ್ಕಿ, ಉದ್ದು, ನೀರು, ಒಂದು ರಾತ್ರಿಯ ಬಿಸುಪು. ಅಷ್ಟೇ. ಉದ್ದಿನ ಜೊತೆ ಬಂದ ನೂರಾರು ಬಗೆಯ ಜೀವಿಗಳಲ್ಲಿ ಆ ಪರಿಸ್ಥಿತಿಗೆ ಹೊಂದುವುದು ಗೆಲ್ಲುತ್ತದೆ, ಹಿಟ್ಟು ಉಬ್ಬುತ್ತದೆ. ಡಿಸೆಂಬರ್ ಚಳಿಯಲ್ಲಿ ಉಬ್ಬಲಿಲ್ಲ ಅಂದರೆ ನೀವು ಬ್ಯಾಕ್ಟೀರಿಯಾ ಬದಲಾಯಿಸುವುದಿಲ್ಲ, ಪಾತ್ರೆಯನ್ನು ಬೆಚ್ಚಗಿನ ಜಾಗಕ್ಕೆ ಸರಿಸುತ್ತೀರಿ. ಮಿಶ್ರ ಬ್ಯಾಕ್ಟೀರಿಯಾಗಳಿಂದ ಪ್ಲಾಸ್ಟಿಕ್ ಮಾಡುವವರ ತರ್ಕವೂ ಇದೇ. ಯಾವ ಬ್ಯಾಕ್ಟೀರಿಯಾ ಬೇಕು ಅಂತ ಹುಡುಕುವುದಿಲ್ಲ. ಪ್ಲಾಸ್ಟಿಕ್ ಕೂಡಿಡುವಂಥದ್ದು ಮಾತ್ರ ಬದುಕುವ ಹಾಗೆ ಟ್ಯಾಂಕಿನ ದಿನಚರಿಯನ್ನು ಹೊಂದಿಸುತ್ತಾರೆ.

ಈ ವಿದ್ಯೆ ಹುಟ್ಟಿದ್ದು ಕೊಳಚೆ ನೀರಿನಲ್ಲಿ. ಆ ಕಥೆಯಲ್ಲಿ ಬೆಂಗಳೂರೂ ಬರುತ್ತದೆ, ಹಾಗಾಗಿ ದಾರಿ ಸ್ವಲ್ಪ ತಪ್ಪಿದರೂ ಹೇಳಿಬಿಡುತ್ತೇನೆ. 1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಕಂದು ಬಣ್ಣದ ಗಸಿಯನ್ನು ಎಸೆಯದೆ, ಅದರ ಮೇಲೆ ಮತ್ತೆ ಹೊಸ ಕೊಳಚೆ ತುಂಬಿದರು. ಪ್ರತಿ ಸಲವೂ ನೀರು ಬೇಗ ಬೇಗ ಶುದ್ಧವಾಯಿತು. ಆ ಗಸಿ ಅಂದರೆ ಬ್ಯಾಕ್ಟೀರಿಯಾಗಳ ಗುಂಪು. ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಕೆಲಸ ಮಾಡುವವರು ಸ್ಲಡ್ಜ್ ಅನ್ನುವುದು ಇದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಈ ಸ್ಲಡ್ಜ್ ಮೇಲೆ ಬಹಳ ಮೊದಲೇ ಕೆಲಸ ನಡೆದಿತ್ತು. ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ 1940ರ ದಶಕದಲ್ಲಿ ಅದರ ಜೀವಿಗಳ ಬಗ್ಗೆ ಬರೆದರು. ಅದೇ ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕರಾದರು. 1959ರಲ್ಲಿ ಶ್ರೀನಾಥ್, ಶಾಸ್ತ್ರಿ, ಪಿಳ್ಳೈ ಮೂವರು ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಸ್ಲಡ್ಜ್ ಕೆಲವೊಮ್ಮೆ ತನಗೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ರಂಜಕವನ್ನು ನೀರಿನಿಂದ ಹೀರಿಕೊಳ್ಳುತ್ತದೆ ಅಂತ. ಆಗ ಕಾರಣ ಗೊತ್ತಿರಲಿಲ್ಲ.

ಕಾರಣ ಬಿಡಿಸಿದಾಗ ಸಿಕ್ಕಿದ್ದು ನಮ್ಮ ಪಿಎಚ್‌ಎ. ಗಾಳಿ ಇಲ್ಲದ ಟ್ಯಾಂಕಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ತಮ್ಮಲ್ಲಿದ್ದ ರಂಜಕವನ್ನು ಬಿಟ್ಟುಕೊಟ್ಟು, ಅದರಿಂದ ಸಿಕ್ಕ ಶಕ್ತಿಯಲ್ಲಿ ನೀರಿನಲ್ಲಿರುವ ಅಸಿಟಿಕ್ ಆಮ್ಲದಂಥವನ್ನು ಎಳೆದುಕೊಂಡು ಪಿಎಚ್‌ಎ ಮಾಡಿಟ್ಟುಕೊಳ್ಳುತ್ತವೆ. ಮುಂದಿನ ಟ್ಯಾಂಕಿನಲ್ಲಿ ಗಾಳಿ ಸಿಕ್ಕಾಗ ಆ ಪಿಎಚ್‌ಎ ಸುಟ್ಟು, ಬಿಟ್ಟಿದ್ದಕ್ಕಿಂತ ಹೆಚ್ಚು ರಂಜಕವನ್ನು ಮತ್ತೆ ಹೀರುತ್ತವೆ. ಅಂದರೆ ರಂಜಕ ತೆಗೆಯಲು ಕಟ್ಟಿದ ಘಟಕಗಳಲ್ಲಿ ದಿನವೂ ಪ್ಲಾಸ್ಟಿಕ್ ತಯಾರಾಗುತ್ತದೆ, ದಿನವೂ ಕರಗುತ್ತದೆ. ನಡುವೆ 1974ರಲ್ಲಿ ಅಮೆರಿಕದ ವಾಲನ್ ಮತ್ತು ರೋವೆಡರ್ ಸ್ಲಡ್ಜ್‌ನಿಂದ ಪಿಎಚ್‌ಎ ಬೇರ್ಪಡಿಸಿ ನೋಡಿದರು. ಅದರಲ್ಲಿ ಪಿಎಚ್‌ಬಿ ಒಂದೇ ಇರಲಿಲ್ಲ, ಬೇರೆ ಬಗೆಯ ಕೊಂಡಿಗಳೂ ಸರಪಳಿಯಲ್ಲಿ ಸೇರಿಕೊಂಡಿದ್ದವು. ಇದು ಮುಖ್ಯ, ಆಮೇಲೆ ಇದಕ್ಕೆ ಬರುತ್ತೇನೆ.

ಇಲ್ಲಿಂದ ನೆದರ್ಲೆಂಡ್ಸ್‌ಗೆ ಹೋಗೋಣ. ಡೆಲ್ಫ್ಟ್ ವಿಶ್ವವಿದ್ಯಾಲಯದ ಮಾರ್ಕ್ ವಾನ್ ಲೂಸ್‌ಡ್ರೆಕ್ಟ್, ರಾಬರ್ಟ್ ಕ್ಲೇರೆಬೆಜೆಮ್ ಅವರ ಗುಂಪು ಈ ಕೆಲಸವನ್ನು ತುದಿ ಮುಟ್ಟಿಸಿತು. ಅವರು ಮಾಡಿದ್ದು ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕೊಳಚೆ ಘಟಕದ ಸ್ಲಡ್ಜ್ ತಂದು ಒಂದು ಸಣ್ಣ ರಿಯಾಕ್ಟರಿಗೆ ಹಾಕಿದರು. ಗಾಳಿ ಸದಾ ಊದುತ್ತಿರುತ್ತದೆ. 12 ಗಂಟೆಗೊಮ್ಮೆ ಅಸಿಟೇಟ್, ಅಂದರೆ ವಿನೆಗರ್‌ನಲ್ಲಿರುವ ಆಮ್ಲದ ಲವಣ, ಒಮ್ಮೆಲೇ ಹಾಕುವುದು. ಒಂದು ಗಂಟೆಯೊಳಗೆ ಅದೆಲ್ಲ ಖಾಲಿ. ಉಳಿದ ಹನ್ನೊಂದು ಗಂಟೆ ಉಪವಾಸ. ಪ್ರತಿ ಸುತ್ತಿನ ಕೊನೆಗೆ ಟ್ಯಾಂಕಿನ ಅರ್ಧವನ್ನು ಬ್ಯಾಕ್ಟೀರಿಯಾ ಸಮೇತ ಹೊರಗೆ ಚೆಲ್ಲಿ, ಹೊಸ ನೀರು ತುಂಬುವುದು.

ಈ ಕೊನೆಯ ಮಾತಿನಲ್ಲೇ ಇಡೀ ಗುಟ್ಟು ಇದೆ. ಪ್ರತಿ ಸುತ್ತಿನಲ್ಲಿ ಅರ್ಧ ಹೊರಗೆ ಹೋಗುತ್ತದೆ ಅಂದರೆ, ಟ್ಯಾಂಕಿನಲ್ಲಿ ತನ್ನ ಜಾಗ ಉಳಿಸಿಕೊಳ್ಳಬೇಕಾದ ಬ್ಯಾಕ್ಟೀರಿಯಾ 12 ಗಂಟೆಯಲ್ಲಿ ಎರಡರಷ್ಟಾಗಲೇಬೇಕು. ಆದರೆ ಊಟ ಇರುವುದು ಒಂದು ಗಂಟೆ ಮಾತ್ರ. ಆ ಒಂದು ಗಂಟೆಯಲ್ಲಿ ನಿಧಾನವಾಗಿ ತಿಂದು ನಿಧಾನವಾಗಿ ಬೆಳೆಯುವವನಿಗೆ ಏನೂ ಸಿಗುವುದಿಲ್ಲ. ಸರಸರನೆ ಬಾಚಿಕೊಂಡು, ಅದನ್ನು ಪ್ಲಾಸ್ಟಿಕ್ ಮಾಡಿ ಒಳಗಿಟ್ಟುಕೊಂಡು, ಉಳಿದ ಹನ್ನೊಂದು ಗಂಟೆ ಅದನ್ನು ಕರಗಿಸುತ್ತಾ ಬೆಳೆಯುವವನು ಉಳಿಯುತ್ತಾನೆ. ಬೆಳವಣಿಗೆಗೆ ಬೇಕಾದ ಯಂತ್ರಗಳನ್ನೆಲ್ಲ ಉಪವಾಸದಲ್ಲಿ ಕಡಿಮೆ ಮಾಡಿಕೊಂಡಿರುವುದರಿಂದ, ಊಟ ಬಂದ ತಕ್ಷಣ ಬ್ಯಾಕ್ಟೀರಿಯಾ ಬೆಳೆಯಲು ಹೊರಡುವುದಕ್ಕಿಂತ ಕೂಡಿಡುವುದು ಸುಲಭ. ಈ ಸುತ್ತು ಮತ್ತೆ ಮತ್ತೆ ತಿರುಗಿದಾಗ ಸ್ಲಡ್ಜ್‌ನಲ್ಲಿದ್ದ ನೂರಾರು ಬಗೆಯಲ್ಲಿ ಒಂದು ಬಗೆ ಹೆಚ್ಚೂಕಡಿಮೆ ಇಡೀ ಟ್ಯಾಂಕನ್ನೇ ಆವರಿಸಿತು. ಅದುವರೆಗೆ ಯಾರಿಗೂ ಗೊತ್ತಿರದ ಜಾತಿ. ಪ್ಲಾಸ್ಟಿಸಿಕ್ಯುಮುಲನ್ಸ್ ಆಸಿಡಿವೋರನ್ಸ್ ಅಂತ ಹೆಸರಿಟ್ಟರು.

ಹೀಗೆ ಆರಿಸಿದ ಗುಂಪನ್ನು ಇನ್ನೊಂದು ಟ್ಯಾಂಕಿಗೆ ಹಾಕಿ, ಸಾರಜನಕ ಕೊಡದೆ ಅಸಿಟೇಟ್ ಮಾತ್ರ ತಿನ್ನಿಸಿದರು. ಸಾರಜನಕ ಇಲ್ಲದಿದ್ದರೆ ಮರಿ ಮಾಡುವ ಹಾಗಿಲ್ಲ, ಕೂಡಿಡುವುದೊಂದೇ ದಾರಿ. 7.6 ಗಂಟೆಯಲ್ಲಿ ಒಣತೂಕದ 89 ಶೇಕಡ ಪ್ಲಾಸ್ಟಿಕ್ ಆಗಿತ್ತು. 2009ರಲ್ಲಿ ಇದು ಪ್ರಕಟವಾಯಿತು. ಮತ್ತೊಮ್ಮೆ ಯೋಚಿಸಿ. ಮೈಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ಲಾಸ್ಟಿಕ್, ಉಳಿದ ಒಂದು ಪಾಲು ಜೀವ. ಕ್ರಿಮಿಶುದ್ಧ ಟ್ಯಾಂಕಿಲ್ಲ, ಕೊಂಡುತಂದ ತಳಿಯಿಲ್ಲ, ಜೀನ್ ತಿದ್ದುಪಡಿಯೂ ಇಲ್ಲ. ಶುದ್ಧ ತಳಿಯವರು ದಶಕಗಟ್ಟಲೆ ಸಾಕಿದ ಬ್ಯಾಕ್ಟೀರಿಯಾದ ಜೊತೆ ಇದು ಸರಿಸಮ ನಿಲ್ಲುತ್ತದೆ.

ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರಿಗಾಗಿ ಒಂದು ವಿಷಯ. ಈ ರಿಯಾಕ್ಟರ್ ಓಡಿಸುವಾಗ ಕಣ್ಣು ಇರುವುದು ಒಂದೇ ಮೀಟರಿನ ಮೇಲೆ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಡಿಓ ಮೀಟರ್. ಊಟ ಹಾಕಿದ ತಕ್ಷಣ ಬ್ಯಾಕ್ಟೀರಿಯಾಗಳು ಆಮ್ಲಜನಕ ಎಳೆದುಕೊಳ್ಳುತ್ತಾ ಗಬಗಬನೆ ತಿನ್ನಲು ಶುರುಮಾಡುತ್ತವೆ, ಮೀಟರಿನ ಗೆರೆ ಕೆಳಗೆ ಬೀಳುತ್ತದೆ. ಅಲ್ಲೇ ನಡುಗುತ್ತಾ ನಿಂತಿರುತ್ತದೆ. ಊಟದ ಕೊನೆಯ ಹನಿ ಮುಗಿದ ಕ್ಷಣ ಗೆರೆ ಚಿಮ್ಮಿ ಮೇಲೇರುತ್ತದೆ. ಆ ಚಿಮ್ಮು ಊಟ ಹಾಕಿದ ಎಷ್ಟು ನಿಮಿಷಕ್ಕೆ ಬಂತು ಅನ್ನುವುದು ಸ್ಲಡ್ಜ್‌ನ ಆರೋಗ್ಯ ಹೇಳುತ್ತದೆ. ದಿನದಿಂದ ದಿನಕ್ಕೆ ಬೇಗ ಬರುತ್ತಿದ್ದರೆ ಕೂಡಿಡುವವರು ಗೆಲ್ಲುತ್ತಿದ್ದಾರೆ. ತಡವಾಗುತ್ತಾ ಹೋದರೆ, ಎಲ್ಲೋ ಎಡವಟ್ಟು. ಪ್ಲಾಸ್ಟಿಕ್ ತುಂಬಿಸುವ ಟ್ಯಾಂಕಿನಲ್ಲೂ ಇದೇ ಗೆರೆ ನೋಡಿಕೊಂಡು ಊಟ ಬಡಿಸುತ್ತಾರೆ, ಗೆರೆ ಏರಿತು ಅಂದರೆ ಇನ್ನೊಂದು ಸೌಟು. ನೈಲ್ ಬ್ಲೂ ಅನ್ನುವ ಬಣ್ಣ ಹಾಕಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾದ ಹೊಟ್ಟೆಯೊಳಗಿನ ಗುಳಿಗೆಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಬರಿಗಣ್ಣಿಗೂ ಸ್ವಲ್ಪ ಗೊತ್ತಾಗುತ್ತದೆ, ಕಂದು ಸ್ಲಡ್ಜ್ ತುಂಬುತ್ತಾ ತುಂಬುತ್ತಾ ಬಿಳಿಚಿಕೊಳ್ಳುತ್ತದೆ.

ಆದರೆ ಅಂಗಡಿಯಿಂದ ತಂದ ಅಸಿಟೇಟ್ ತಿನ್ನಿಸಿದರೆ ಮತ್ತೆ ಖರ್ಚಿನ ಕಥೆಯೇ. ನಮಗೆ ಬೇಕಾದ್ದು ಕೊಳಕು ನೀರು, ಅದೂ ಸಕ್ಕರೆ ಪಿಷ್ಟ ಜಾಸ್ತಿ ಇರುವ ಕೊಳಕು ನೀರು. ಸಕ್ಕರೆಯನ್ನೇ ನೇರವಾಗಿ ಕೊಟ್ಟರೆ ಬ್ಯಾಕ್ಟೀರಿಯಾಗಳು ಪಿಎಚ್‌ಎ ಬದಲು ಗ್ಲೈಕೋಜನ್, ಅಂದರೆ ಪಿಷ್ಟದಂಥ ಇನ್ನೊಂದು ದಾಸ್ತಾನು, ಮಾಡಿಕೊಂಡುಬಿಡುತ್ತವೆ. ಅದಕ್ಕೆ ಮೊದಲ ಟ್ಯಾಂಕಿನಲ್ಲಿ ಗಾಳಿ ಕೊಡದೆ ಹುಳಿ ಬರಿಸುತ್ತಾರೆ. ಬಯೋಗ್ಯಾಸ್ ಗುಂಡಿಯಲ್ಲಿ ಗ್ಯಾಸ್ ಆಗುವುದಕ್ಕೆ ಮುಂಚೆ ಆಮ್ಲ ಆಗುತ್ತದಲ್ಲ, ಆ ಹಂತಕ್ಕೇ ನಿಲ್ಲಿಸಿಬಿಡುವುದು. ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳು ಬರುತ್ತವೆ. ಆ ಟ್ಯಾಂಕಿನ ಹತ್ತಿರ ನಿಲ್ಲುವುದು ಸುಲಭವಲ್ಲ. ಬ್ಯುಟಿರಿಕ್ ಆಮ್ಲ ಅಂದರೆ ಹಳಸಿದ ಬೆಣ್ಣೆಯ ವಾಸನೆ, ಬಟ್ಟೆಗೆ ಹತ್ತಿದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ.

ಡೆಲ್ಫ್ಟ್‌ನವರು ಇದನ್ನು ನಿಜವಾದ ಕಾರ್ಖಾನೆಯಲ್ಲಿ ಮಾಡಿ ತೋರಿಸಿದ್ದು ವೇಗಲ್ ಎಂಬ ಊರಿನ ಮಾರ್ಸ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ. ಚಾಕೊಲೇಟ್ ಮಾಡುವ ಯಂತ್ರ ತೊಳೆದ ನೀರು ಬರುತ್ತದೆ, ಅದರಲ್ಲಿ ಸಕ್ಕರೆ ಕೊಬ್ಬು ಎರಡೂ. ಕೊಬ್ಬು ತೆಗೆದು, ಹುಳಿ ಬರಿಸಿ, ಹಬ್ಬ-ಉಪವಾಸದ ರಿಯಾಕ್ಟರಿಗೆ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 70 ಶೇಕಡದಷ್ಟು ಪ್ಲಾಸ್ಟಿಕ್ ತುಂಬಿತು. ಲ್ಯಾಬಿನ 89ಕ್ಕಿಂತ ಕಮ್ಮಿ, ಆದರೆ ತೊಳೆದ ನೀರಿನಿಂದ ಬಂದದ್ದು. ನನ್ನ ಕಣ್ಣಿಗೆ 89ಕ್ಕಿಂತ ಈ 70 ದೊಡ್ಡದು. ಊರಿನ ಕೊಳಚೆ ಘಟಕದ ಸಾಮಾನ್ಯ ಸ್ಲಡ್ಜ್ ತೆಗೆದುಕೊಂಡು, ಬೇರೆ ಕಡೆಯಿಂದ ಆಮ್ಲ ತಂದು ತಿನ್ನಿಸುವ ಪ್ರಯತ್ನಗಳೂ ಅದೇ ದೇಶದಲ್ಲಿ ನಡೆದಿವೆ. ಅಲ್ಲಿ ಸಿಕ್ಕಿದ್ದು ಸುಮಾರು 40ರ ಆಸುಪಾಸು.

ಇಷ್ಟು ಕೇಳಿದ ಮೇಲೆ ನಿಮಗೆ ಎಲ್ಲ ಸಲೀಸು ಅನ್ನಿಸಬಹುದು. ಅಲ್ಲ. ಜೀವಶಾಸ್ತ್ರದ ಭಾಗ ಹೆಚ್ಚೂಕಡಿಮೆ ಗೆದ್ದಾಗಿದೆ, ತಲೆನೋವು ಶುರುವಾಗುವುದು ಆಮೇಲೆ. ಪ್ಲಾಸ್ಟಿಕ್ ತುಂಬಿದ ಬ್ಯಾಕ್ಟೀರಿಯಾಗಳನ್ನು ಹಾಗೇ ಬಿಟ್ಟರೆ ಹಸಿದು ತಾವೇ ತಿಂದುಬಿಡುತ್ತವೆ. ಅದಕ್ಕೆ ತಕ್ಷಣ ಆಸಿಡ್ ಸುರಿದು ಕೊಲ್ಲಬೇಕು. ಆಮೇಲೆ ನೀರು ತೆಗೆದು ಒಣಗಿಸಬೇಕು. ಆಮೇಲೆ ಜೀವಕೋಶದ ಗೋಡೆ ಒಡೆದು ಗುಳಿಗೆ ಹೊರತೆಗೆಯಬೇಕು. ಸ್ಲಡ್ಜ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಗಟ್ಟಿಪಿಂಡ, ಸುತ್ತ ಅಂಟು ಬೇರೆ. ಲ್ಯಾಬಿನಲ್ಲಿ ಕ್ಲೋರೋಫಾರ್ಮ್ ಎಂಬ ವಿಷಕಾರಿ ದ್ರಾವಕ ಹಾಕಿದರೆ ಚೊಕ್ಕಟವಾಗಿ ಬರುತ್ತದೆ. ಆದರೆ ಪರಿಸರಸ್ನೇಹಿ ಪ್ಲಾಸ್ಟಿಕ್ ಮಾಡಲು ಟನ್ನುಗಟ್ಟಲೆ ಕ್ಲೋರೋಫಾರ್ಮ್ ಬಳಸುತ್ತೇವೆ ಅಂದರೆ ಜನ ನಗುತ್ತಾರೆ, ಅಲ್ವಾ? ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ, ಹಾಕಿದರೆ ಅಗ್ಗ, ಆದರೆ ಅದು ಸರಪಳಿಯನ್ನೂ ತುಂಡು ಮಾಡುತ್ತದೆ. ತುಂಡು ಸರಪಳಿಯ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಕಮ್ಮಿ ಅಪಾಯದ ಬೇರೆ ದ್ರಾವಕಗಳನ್ನು ಬಳಸುತ್ತಿದ್ದಾರೆ, ಆದರೆ ಅವನ್ನು ಬಿಸಿ ಮಾಡಬೇಕು, ಮತ್ತೆ ಹಿಡಿದು ಮರುಬಳಕೆ ಮಾಡಬೇಕು. ಒಂದು ಕಿಲೋ ಸ್ಲಡ್ಜ್‌ನಲ್ಲಿ ಎಷ್ಟು ಕಮ್ಮಿ ಪ್ಲಾಸ್ಟಿಕ್ ಇದೆಯೋ ಈ ಖರ್ಚು ಅಷ್ಟು ಜಾಸ್ತಿ. 40 ಮತ್ತು 70ರ ನಡುವಿನ ವ್ಯತ್ಯಾಸ ಕಾಡುವುದು ಇಲ್ಲಿ.

ಇನ್ನೊಂದು ತಕರಾರು ಗುಣಮಟ್ಟದ್ದು. ಆಗ ಹೇಳಿದೆನಲ್ಲ, ಸರಪಳಿಯಲ್ಲಿ ಬೇರೆ ಬಗೆಯ ಕೊಂಡಿಗಳೂ ಇರುತ್ತವೆ ಅಂತ. ಬರೀ ಪಿಎಚ್‌ಬಿ ಗಾಜಿನ ಸ್ವಭಾವದ್ದು. ಎಳೆದರೆ ಹಿಗ್ಗುವುದಿಲ್ಲ, ಮುರಿಯುತ್ತದೆ. ಅದು ಕರಗುವುದು 175 ಡಿಗ್ರಿಯ ಸುಮಾರಿಗೆ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಸರಪಳಿಯೇ ಒಡೆಯಲು ಶುರು. ಅಚ್ಚು ಹಾಕುವವನಿಗೆ ಕೈಯಾಡಿಸಲು ಜಾಗವೇ ಇಲ್ಲ. ಊಟದಲ್ಲಿ ಪ್ರೊಪಿಯೋನಿಕ್ ಆಮ್ಲ ಇದ್ದರೆ ವ್ಯಾಲರೇಟ್ ಎಂಬ ಕೊಂಡಿಗಳು ನಡುನಡುವೆ ಸೇರಿ ಪ್ಲಾಸ್ಟಿಕ್ ಮೆದುವಾಗುತ್ತದೆ, ಕಮ್ಮಿ ಬಿಸಿಗೇ ಕರಗುತ್ತದೆ. ಕೊಳಕು ನೀರಿನಲ್ಲಿ ಇದು ತಾನಾಗಿಯೇ ಬರುತ್ತದೆ, ಪುಣ್ಯ. ಆದರೆ ಈ ವಾರ ಒಂದು ಬಗೆಯ ನೀರು, ಮುಂದಿನ ವಾರ ಇನ್ನೊಂದು ಬಗೆ ಬಂದರೆ ಪ್ಲಾಸ್ಟಿಕ್ಕೂ ವಾರಕ್ಕೊಂದು ಬಗೆ. ಕೊಳ್ಳುವವನಿಗೆ ಅದು ಬೇಡ. ಅವನ ಯಂತ್ರಕ್ಕೆ ಪ್ರತಿ ಮೂಟೆಯೂ ಒಂದೇ ಥರ ಇರಬೇಕು. ಹಾಗಾಗಿ ಹುಳಿ ಬರಿಸುವ ಟ್ಯಾಂಕನ್ನು ಹದದಲ್ಲಿಡುವುದು, ಬೇರೆ ಬೇರೆ ದಿನದ ಪುಡಿಯನ್ನು ಬೆರೆಸಿ ಸಮ ಮಾಡುವುದು, ಇವೇ ಈಗಿನ ನಿಜವಾದ ಕೆಲಸ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳುತ್ತಿದ್ದಾರೆ, ತರಕಾರಿ ಅಂಗಡಿಯಲ್ಲಿ ಕೊಡುವ ಕಾಂಪೋಸ್ಟೆಬಲ್ ಚೀಲ ಇದೇನಾ ಅಂತ. ಸಾಮಾನ್ಯವಾಗಿ ಅಲ್ಲ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಬಂತು, 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ನಿಷೇಧ ಬಂತು. ಆ ಜಾಗಕ್ಕೆ ಬಂದ ಹಸಿರು ಮುದ್ರೆಯ ಚೀಲಗಳಲ್ಲಿ ಪಿಷ್ಟ, ಜೊತೆಗೆ ಪಿಬಿಎಟಿ, ಪಿಎಲ್‌ಎ ಎಂಬ ಬೇರೆ ಬಗೆಯ ಪ್ಲಾಸ್ಟಿಕ್‌ಗಳು ಮುಂತಾದವು ಬೆರೆತಿರುತ್ತವೆ. ಅವು ಕರಗುತ್ತವೆ ಅಂತ ಪರೀಕ್ಷೆ ಮಾಡುವುದು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದ ರಾಶಿಯಲ್ಲಿ. ನಿಮ್ಮ ಮನೆ ಹಿಂದಿನ ತಿಪ್ಪೆಯಲ್ಲಿ ಅಷ್ಟು ಬಿಸಿ ಸದಾ ಇರುವುದಿಲ್ಲ. ಅದರಲ್ಲೂ ಪಿಎಲ್‌ಎ ತಣ್ಣನೆ ಮಣ್ಣಿನಲ್ಲಿ ಬಹಳ ಕಾಲ ಹಾಗೇ ಕೂತಿರುತ್ತದೆ. ಪಿಎಚ್‌ಎ ಬೇರೆ. ಇದನ್ನು ತಿನ್ನುವ ಕಿಣ್ವ ಮಣ್ಣು, ಕೆರೆ, ಸಮುದ್ರ ಎಲ್ಲೆಡೆಯ ಬ್ಯಾಕ್ಟೀರಿಯಾಗಳಲ್ಲಿ ಇದೆ. ಹಾಗಂತ ಮಾಯ ಆಗಿಬಿಡುತ್ತದೆ ಅಂದುಕೊಳ್ಳಬೇಡಿ. ತೆಳು ಹಾಳೆಯಾದರೆ ತಿಂಗಳುಗಳು, ದಪ್ಪ ಬಾಟಲಿಯಾದರೆ ವರ್ಷಗಳೇ ಬೇಕು. ರಸ್ತೆ ಬದಿ ಎಸೆಯಲು ಇದು ಪರವಾನಗಿ ಅಲ್ಲ.

ನಮ್ಮಲ್ಲಿ ಏನು ಸಾಧ್ಯ ಅನ್ನುವುದಕ್ಕೆ ಬರುತ್ತೇನೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಪಿಎಚ್‌ಎ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ, ಅದು ಮುಖ್ಯವಾಗಿ ಶುದ್ಧ ತಳಿಗಳದ್ದು. ಮಿಶ್ರ ಗುಂಪಿನ ದಾರಿಗೆ ಬೇಕಾದ್ದು ಒಂದೇ ಜಾಗದಲ್ಲಿ, ವರ್ಷವಿಡೀ, ಸಾರಜನಕ ಕಮ್ಮಿ ಇರುವ ಸಿಹಿ ಕೊಳಕು ನೀರು. ಒಂದು ಕಿಲೋ ಪ್ಲಾಸ್ಟಿಕ್‌ಗೆ ಅಂದಾಜು ಎರಡೂವರೆಯಿಂದ ಮೂರು ಕಿಲೋ ಆಮ್ಲ ಬೇಕು ಅಂತ ಇಟ್ಟುಕೊಳ್ಳಿ. ಬೆಂಗಳೂರಿನ ಕೊಳಚೆ ಇದಕ್ಕೆ ತೀರಾ ತೆಳು. ಅದರಿಂದ ಸ್ಲಡ್ಜ್ ಸಿಗಬಹುದು, ಊಟ ಸಿಗುವುದಿಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳ ಜೊತೆಗಿರುವ ಡಿಸ್ಟಿಲರಿಗಳ ಸ್ಪೆಂಟ್ ವಾಶ್, ಅಂದರೆ ಮದ್ಯಸಾರ ಇಳಿಸಿದ ಮೇಲೆ ಉಳಿಯುವ ಕೊಳಕು ನೀರು, ಎಲ್ಲರಿಗೂ ಮೊದಲು ನೆನಪಾಗುತ್ತದೆ. ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಕಪ್ಪು ಬಣ್ಣ, ಉಪ್ಪು, ಎಲ್ಲವೂ ಕೊನೆಗೆ ಪುಡಿಯ ಜೊತೆ ಬರುತ್ತವೆ. ಡೇರಿಗಳ ಹಾಲೊಡಕಿನ ನೀರು ಚೆನ್ನಾಗಿದೆ, ಅದರಲ್ಲಿ ಪ್ರೋಟೀನ್ ಮಾತ್ರ ಮೊದಲೇ ತೆಗೆಯಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ಪಲ್ಪಿಂಗ್ ನೀರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು, ತಾನಾಗಿಯೇ ಹುಳಿ ಬಂದು ನಿಂತಿರುತ್ತದೆ, ಮೊದಲ ಟ್ಯಾಂಕಿನ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಕೊಯ್ಲಿನ ಮೂರ್ನಾಲ್ಕು ತಿಂಗಳು ಮಾತ್ರ. ಉಳಿದ ತಿಂಗಳು ಆ ಬ್ಯಾಕ್ಟೀರಿಯಾಗಳಿಗೆ ಏನು ತಿನ್ನಿಸುತ್ತೀರಿ? ಇದಕ್ಕೆ ಉತ್ತರ ಇಲ್ಲದೆ ಪ್ಲಾಂಟ್ ಕಟ್ಟಬಾರದು. ನನ್ನ ಆಯ್ಕೆ ಬಿಸ್ಕತ್ತು, ತಂಪು ಪಾನೀಯದಂಥ ಕಾರ್ಖಾನೆಗಳು. ಅವುಗಳ ನೀರು ವರ್ಷವಿಡೀ ಬರುತ್ತದೆ. ಹೇಗೂ ಅದನ್ನು ಶುದ್ಧ ಮಾಡಲು ಅವರು ಇಟಿಪಿಗೆ, ಅಂದರೆ ಕಾರ್ಖಾನೆಯ ಕೊಳಕು ನೀರಿನ ಶುದ್ಧೀಕರಣ ಘಟಕಕ್ಕೆ, ದುಡ್ಡು ಸುರಿಯುತ್ತಿದ್ದಾರೆ.

ಮಾಡಿದ ಪ್ಲಾಸ್ಟಿಕ್ಕಿನಿಂದ ಏನು ಮಾಡುವುದು? ಕ್ಯಾರಿ ಬ್ಯಾಗ್ ಮಾಡಿ ಪಾಲಿಥೀನ್ ಜೊತೆ ಬೆಲೆಯಲ್ಲಿ ಗುದ್ದಾಡಿದರೆ ಸೋಲು ಖಂಡಿತ. ಮಣ್ಣಿನಲ್ಲೇ ಉಳಿದುಹೋಗುವ, ಆಯ್ದು ತರಲಾಗದ ವಸ್ತುಗಳ ಕಡೆ ನೋಡಬೇಕು. ನಿಧಾನವಾಗಿ ಬಿಟ್ಟುಕೊಡುವ ಗೊಬ್ಬರದ ಮೇಲಿನ ಲೇಪ ಒಂದು. ನನಗೆ ಹೆಚ್ಚು ಆಸೆ ಇರುವುದು ನರ್ಸರಿ ಚೀಲದ ಮೇಲೆ. ಕಾಫಿ, ಅಡಿಕೆ, ಸಿಲ್ವರ್ ಓಕ್ ಸಸಿ ಬರುವ ಕಪ್ಪು ಪಾಲಿಥೀನ್ ಚೀಲ ನಿಮಗೆಲ್ಲ ಗೊತ್ತು. ನೆಡುವಾಗ ಬ್ಲೇಡಿನಲ್ಲಿ ಸೀಳಿ ತೆಗೆಯಬೇಕು. ಸೀಳುವಾಗ ಬೇರೂ ಕತ್ತರಿಸುತ್ತದೆ, ಮಣ್ಣಿನ ಹೆಂಟೆಯೂ ಒಡೆಯುತ್ತದೆ. ಸೀಳಿದ ಚೀಲ ಅಲ್ಲೇ ಗಿಡದ ಬುಡದಲ್ಲಿ ಬಿದ್ದಿರುತ್ತದೆ. ಪಿಎಚ್‌ಎ ಚೀಲವಾದರೆ ಚೀಲ ಸಮೇತ ನೆಡಬಹುದು. ಆದರೆ ಸಸಿ ನರ್ಸರಿಯಲ್ಲಿ ಒಂದು ವರ್ಷದವರೆಗೂ ಇರುತ್ತದೆ, ದಿನಾ ನೀರು ಬೀಳುತ್ತದೆ, ಒಳಗೆ ಕೊಟ್ಟಿಗೆ ಗೊಬ್ಬರ. ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೆಡುವ ಮುಂಚೆಯೇ ಚೀಲ ತೂತಾದರೆ ನರ್ಸರಿಯವರು ನಮ್ಮನ್ನು ಗೇಟಿನ ಒಳಗೆ ಬಿಡುವುದಿಲ್ಲ. ಎಷ್ಟು ದಪ್ಪ ಇರಬೇಕು, ವ್ಯಾಲರೇಟ್ ಎಷ್ಟಿರಬೇಕು, ಏನು ಬೆರೆಸಿದರೆ ಮಲೆನಾಡಿನ ಒಂದು ಮಳೆಗಾಲ ತಡೆಯುತ್ತದೆ, ಇದನ್ನು ಇಲ್ಲೇ ನೋಡಬೇಕು. ಇದಕ್ಕೆ ರಿಯಾಕ್ಟರ್ ಬೇಡ. ಕೊಂಡುತಂದ ಪುಡಿಯಿಂದ ಹಾಳೆ ಮಾಡಿ ಈ ಜೂನ್‌ನಲ್ಲೇ ಶುರುಮಾಡಬಹುದು. ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿ ಕೆಲವರಿದ್ದೀರಿ, ಆಸಕ್ತಿ ಇದ್ದರೆ ಚಹಾ ಹೊತ್ತಿಗೆ ಸಿಗಿ.